ಓಸ್ತಿಯಾದ ಸ್ನಾನಗೃಹದಲ್ಲಿ ಆಫ್ರಿಕಾದ ಅಡುಗೆ ಮಡಿಕೆ

ಅಂಗೈಯಲ್ಲಿ ಹಿಡಿಯುವಷ್ಟು ಒಂದು ಬೋಕಿ, ಅಂದರೆ ಒಡೆದ ಮಡಿಕೆಯ ಚೂರು. ಇಟ್ಟಿಗೆ ಬಣ್ಣದ್ದು. ತೆಳ್ಳಗಿದೆ, ಆದರೆ ಗಟ್ಟಿ. ಮುಟ್ಟಿದರೆ ಸಣ್ಣ ಮರಳಿನ ತರಿ ಬೆರಳಿಗೆ ತಾಗುತ್ತದೆ. ಬಾಯಂಚಿನ ಹೊರಗೆ ಒಂದು ಕಪ್ಪು ಪಟ್ಟಿ ಇದೆ. ನೋಡಿದ ಕೂಡಲೇ ಒಲೆಯ ಮಸಿ ಅಂತ ಅನಿಸುತ್ತದೆ. ಅದು ಮಸಿ ಅಲ್ಲ. ಕುಂಬಾರರ ಆವಿಗೆಯಲ್ಲಿ ಮಡಿಕೆಗಳನ್ನು ಒಂದರೊಳಗೊಂದು ಪೇರಿಸಿ ಸುಟ್ಟಾಗ, ಹೊರಗೆ ಕಾಣುತ್ತಿದ್ದ ಅಂಚಿಗೆ ಮಾತ್ರ ಹೊಗೆ ಹಿಡಿದ ಗುರುತು. ಆ ಆವಿಗೆ ಇದ್ದದ್ದು ಇವತ್ತಿನ ಟ್ಯುನೀಶಿಯಾದಲ್ಲಿ, ರೋಮನ್ನರು ಆಫ್ರಿಕಾ ಎನ್ನುತ್ತಿದ್ದ ಪ್ರಾಂತದಲ್ಲಿ. ಬೋಕಿ ಸಿಕ್ಕಿದ್ದು ರೋಮ್ ನಗರದ ಬಂದರು ಪಟ್ಟಣ ಓಸ್ತಿಯಾದಲ್ಲಿ. ನಡುವೆ ಮೆಡಿಟರೇನಿಯನ್ ಸಮುದ್ರ.

ಹಡಗಿನಲ್ಲಿ ಎಣ್ಣೆ ಬಂತು, ಗೋಧಿ ಬಂತು ಅಂದರೆ ಅರ್ಥವಾಗುತ್ತದೆ. ಚಂದದ ಊಟದ ತಟ್ಟೆ ಬಂತು ಅಂದರೂ ಒಪ್ಪಬಹುದು. ಆದರೆ ಖಾಲಿ ಅಡುಗೆ ಮಡಿಕೆ? ಓಸ್ತಿಯಾ ಇದ್ದದ್ದು ತೈಬರ್ ನದಿಯ ಬಾಯಲ್ಲಿ. ಅಲ್ಲಿ ಜೇಡಿಮಣ್ಣಿಗೆ ಬರ ಇರಲಿಲ್ಲ, ಕುಂಬಾರರಿಗೂ ಬರ ಇರಲಿಲ್ಲ. ಆದರೂ ಕ್ರಿ.ಶ. ಎರಡನೆಯ ಶತಮಾನ ಮುಗಿಯುವ ಹೊತ್ತಿಗೆ ಆ ಊರಿನ ಅಡುಗೆಮನೆಗಳಲ್ಲಿ ಆಫ್ರಿಕಾದ ಮಡಿಕೆ ಮಾಮೂಲಿ ವಸ್ತು ಆಗಿತ್ತು. ಈ ಬರಹ ಪೂರ್ತಿ ಆ ಒಂದು ಪ್ರಶ್ನೆಯ ಸುತ್ತ ಇದೆ. ನನ್ನ ಮಟ್ಟಿಗೆ, ರೋಮನ್ ಕಾಲದ ಆಫ್ರಿಕಾದ ಬಗ್ಗೆ ಓಸ್ತಿಯಾದ ಮಣ್ಣು ಹೇಳಿದ ಮಾತುಗಳಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ.

ಯಾವ ಅಗೆತ, ಯಾಕೆ ಅಲ್ಲಿ

ಓಸ್ತಿಯಾ ರೋಮಿನಿಂದ ಸುಮಾರು 25 ಕಿಲೋಮೀಟರ್ ದೂರ. ಈಗ ಸಮುದ್ರ ಹಿಂದೆ ಸರಿದುಬಿಟ್ಟಿದೆ, ಊರು ಒಳನಾಡಿನಲ್ಲಿ ನಿಂತಿದೆ. ಕ್ಲಾಡಿಯಸ್ ಚಕ್ರವರ್ತಿ ಕ್ರಿ.ಶ. 42ರಲ್ಲಿ ಊರಿನ ಉತ್ತರಕ್ಕೆ ಹೊಸ ಬಂದರು ಕಟ್ಟಿಸಲು ಶುರು ಮಾಡಿದ. ಆಮೇಲಿನ ಚಕ್ರವರ್ತಿ ಟ್ರಾಜನ್ ಅದರ ಒಳಗೆ ಆರು ಮೂಲೆಯ ದೊಡ್ಡ ಕೊಳವನ್ನು ಸೇರಿಸಿದ. ರೋಮಿನ ಹೊಟ್ಟೆ ತುಂಬಲು ಸಮುದ್ರದಿಂದ ಬರುವ ಹೆಚ್ಚಿನ ಸರಕು ಈ ದಾರಿಯಲ್ಲೇ ಹೋಗಬೇಕಿತ್ತು.

1938ರಿಂದ 1942ರವರೆಗೆ ಗ್ವಿದೊ ಕಾಲ್ಝಾ ಅವರ ಕೈಕೆಳಗೆ ಓಸ್ತಿಯಾದಲ್ಲಿ ಭಾರಿ ಅಗೆತ ನಡೆಯಿತು. ರೋಮಿನಲ್ಲಿ 1942ಕ್ಕೆ ವಿಶ್ವ ಪ್ರದರ್ಶನ ಮಾಡಬೇಕೆಂದು ಮುಸೊಲಿನಿ ಸರ್ಕಾರ ಹೊರಟಿತ್ತು. ಅದಕ್ಕೆ ತೋರಿಸಲು ಒಂದು ಪ್ರಾಚೀನ ನಗರ ಬೇಕಿತ್ತು. ನಾಲ್ಕೈದು ವರ್ಷಗಳಲ್ಲಿ ಕಾಣುವ ಊರಿನ ವಿಸ್ತೀರ್ಣ ದುಪ್ಪಟ್ಟಾಯಿತು. ಬೀದಿ, ಗೋಡೆ, ಸಣ್ಣ ಕಲ್ಲು ಜೋಡಿಸಿ ಮಾಡಿದ ನೆಲದ ಚಿತ್ರ ಅಂದರೆ ಮೊಸಾಯಿಕ್, ಎಲ್ಲ ಮೇಲೆ ಬಂದವು. ಅವುಗಳ ಮೇಲಿದ್ದ ಮಣ್ಣು ಮಾತ್ರ ಪದರ ಪದರವಾಗಿ ದಾಖಲಾಗದೆ ಹೊರಗೆ ಹೋಯಿತು. ಅದರ ಜೊತೆ ಲೆಕ್ಕವಿಲ್ಲದಷ್ಟು ಬೋಕಿಗಳೂ ಹೋದವು. ಇವತ್ತು ಓಸ್ತಿಯಾದ ಬೀದಿಯಲ್ಲಿ ನಡೆಯುವ ಖುಷಿ ನಮಗೆ ಸಿಕ್ಕಿದ್ದು ಆ ಅಗೆತದಿಂದಲೇ, ಅದು ನಿಜ. ಆದರೆ ಆ ಮನೆಗಳ ಜನ ಏನು ತಿಂದರು, ಯಾವುದರಲ್ಲಿ ಬೇಯಿಸಿದರು ಎಂಬುದು ಆ ಮಣ್ಣಿನ ಜೊತೆ ಹೋಯಿತು. ಆ ನಷ್ಟ ನೆನೆದರೆ ಈಗಲೂ ಸಂಕಟವಾಗುತ್ತದೆ.

1966ರಲ್ಲಿ ರೋಮ್ ವಿಶ್ವವಿದ್ಯಾಲಯದ ಒಂದು ತಂಡ ಬೇರೆ ರೀತಿಯಲ್ಲಿ ಕೆಲಸಕ್ಕೆ ಇಳಿಯಿತು. ಮುಂದಾಳು ಆಂದ್ರೆಯಾ ಕರಾಂದೀನಿ. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಜೊತೆಗಿದ್ದವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಅವರು ಆರಿಸಿದ್ದು ಊರಿನ ಐದನೆಯ ವಿಭಾಗದಲ್ಲಿದ್ದ ಒಂದು ಸಾಧಾರಣ ಸ್ನಾನಗೃಹ. ಒಂದು ಕೋಣೆಯ ನೆಲದ ಮೊಸಾಯಿಕ್‌ನಲ್ಲಿ ಈಜುಗಾರನ ಚಿತ್ರ ಇದ್ದದ್ದರಿಂದ ಅದಕ್ಕೆ ‘ಈಜುಗಾರನ ಸ್ನಾನಗೃಹ’ ಅಂತ ಹೆಸರು. ಮೊದಲ ಶತಮಾನದ ಕೊನೆಗೆ, ಡೊಮಿಷಿಯನ್ ಚಕ್ರವರ್ತಿಯ ಕಾಲದಲ್ಲಿ ಕಟ್ಟಿದ್ದು. ಆಮೇಲೆ ಹಲವು ಸಲ ರಿಪೇರಿ ಕಂಡಿತು. ಮೂರನೆಯ ಶತಮಾನದ ಮೊದಲರ್ಧದಲ್ಲಿ ಬಳಕೆ ನಿಂತಿತು. ಜನ ಅಲ್ಲಿ ಕಸ ಸುರಿಯತೊಡಗಿದರು.

ಆ ಕಸವೇ ಈ ಕಥೆಯ ಬಂಡವಾಳ. 1975ರವರೆಗೆ ಅಗೆತ ನಡೆಯಿತು. 1968, 1970, 1973, 1977ರಲ್ಲಿ ಒಂದೊಂದು ಸಂಪುಟ ಬಂತು. ಒಂದು ಕೋಣೆ, ಎರಡು ಕೋಣೆ, ಹೀಗೆ ಕೋಣೆ ಲೆಕ್ಕದಲ್ಲಿ ಪ್ರಕಟಣೆ. ಕ್ಲೆಮೆಂತೀನಾ ಪನೆಲ್ಲಾ ಆಂಫೊರಾಗಳ ಕೆಲಸ ಹಿಡಿದರು. ಆಂಫೊರಾ ಅಂದರೆ ಎರಡು ಹಿಡಿಯ, ಉದ್ದ ಮೈಯ, ಸಾಮಾನ್ಯವಾಗಿ ಚೂಪು ತಳದ ಮಣ್ಣಿನ ಜಾಡಿ. ಎಣ್ಣೆ, ದ್ರಾಕ್ಷಾರಸ, ಉಪ್ಪು ಮೀನು ತುಂಬಿ ಹಡಗಿಗೆ ಏರಿಸಲು ಮಾಡಿದ್ದು.

ಎಣಿಸುವುದು ಅಂದರೆ

ಅಲ್ಲಿಯವರೆಗೆ ರೋಮನ್ ಊರುಗಳನ್ನು ಅಗೆಯುವವರು ಚಂದದ ಪಾತ್ರೆಯನ್ನು ಎತ್ತಿಡುತ್ತಿದ್ದರು. ಅಕ್ಷರ ಇದ್ದ ಚೂರನ್ನು ಎತ್ತಿಡುತ್ತಿದ್ದರು. ಮಿಕ್ಕದ್ದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಈ ತಂಡ ಪ್ರತಿ ಪದರದ ಎಲ್ಲ ಬೋಕಿಗಳನ್ನೂ ತೊಳೆದು, ಜಾತಿವಾರು ಬೇರೆ ಮಾಡಿ, ಎಣಿಸಿತು. ಬಾಯಂಚು, ಹಿಡಿ, ತಳ, ಹೊಟ್ಟೆಯ ಚೂರು ಎಲ್ಲವನ್ನೂ. ಇದು ಬೇಜಾರಿನ ಕೆಲಸ, ಕೈ ನೋಯುವ ಕೆಲಸ. ಆದರೆ ಎಣಿಸದೆ ಹೋಗಿದ್ದರೆ ‘ಆಫ್ರಿಕಾದ ಪಾತ್ರೆಗಳೂ ಸಿಕ್ಕಿವೆ’ ಎಂಬ ಒಂದು ಸಾಲಿನಲ್ಲಿ ವಿಷಯ ಮುಗಿಯುತ್ತಿತ್ತು.

ಚೂರು ನೋಡಿ ಊರು ಹೇಳುವುದು ಹೇಗೆ? ಮಣ್ಣು, ಆಕಾರ, ಮೇಲ್ಮೈ ಈ ಮೂರೇ ದಾರಿ. ಉತ್ತರ ಟ್ಯುನೀಶಿಯಾದ ಜೇಡಿಯಲ್ಲಿ ಬಿಳಿ ಸ್ಫಟಿಕದ ಮರಳು ಜಾಸ್ತಿ. ಸುಟ್ಟರೆ ಕಿತ್ತಳೆಗೆಂಪು ಬಣ್ಣ ಬರುತ್ತದೆ. ಅದೇ ಮಣ್ಣನ್ನು ತೆಳುವಾಗಿ ಕಲಸಿ ಮೇಲೆ ಲೇಪಿಸಿದರೆ ನಯವಾದ ಕೆಂಪು ಹೊಳಪು. ಹೀಗೆ ಮಾಡಿದ ಊಟದ ತಟ್ಟೆ, ಬೋಗುಣಿಗಳಿಗೆ ಆಫ್ರಿಕಾದ ಕೆಂಪು ಲೇಪದ ಪಾತ್ರೆ ಎಂದು ಹೆಸರು. ಇಟಲಿಯ ನೀನೊ ಲಂಬೊಲ್ಯಾ 1950ರ ದಶಕದಲ್ಲಿ ಈ ಜಾತಿಯ ಪಾತ್ರೆಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿದ್ದರು. ಅವರ ‘ಬಿ’ ಆಫ್ರಿಕಾದ್ದಲ್ಲ, ಗಾಲ್ (ಇಂದಿನ ಫ್ರಾನ್ಸ್) ಕಡೆಯದು ಎಂದು ಆಮೇಲೆ ತಿಳಿಯಿತು. ಜಾನ್ ಹೇಯ್ಸ್ 1972ರಲ್ಲಿ ಪ್ರತಿ ಆಕಾರಕ್ಕೂ ಒಂದು ಸಂಖ್ಯೆ ಕೊಟ್ಟು ದೊಡ್ಡ ಪಟ್ಟಿ ಪ್ರಕಟಿಸಿದರು. ಇಂದಿಗೂ ಲಿಬಿಯಾದಿಂದ ಬ್ರಿಟನ್‌ವರೆಗೆ ಬೋಕಿ ನೋಡುವವರು ‘ಹೇಯ್ಸ್ 9’, ‘ಹೇಯ್ಸ್ 197’ ಅಂತಲೇ ಮಾತಾಡುತ್ತಾರೆ.

ಕಾಲ ಹೇಳುವುದಕ್ಕೆ ಓಸ್ತಿಯಾದಲ್ಲಿ ಒಂದು ಅನುಕೂಲ ಇತ್ತು. ಅಲ್ಲಿನ ಇಟ್ಟಿಗೆಗಳ ಮೇಲೆ ಮುದ್ರೆ ಇರುತ್ತದೆ. ಕೆಲವು ಮುದ್ರೆಗಳಲ್ಲಿ ಆ ವರ್ಷದ ಕಾನ್ಸಲ್‌ಗಳ, ಅಂದರೆ ವರ್ಷವರ್ಷ ಬದಲಾಗುವ ರೋಮಿನ ಹಿರಿಯ ಅಧಿಕಾರಿಗಳ, ಹೆಸರೂ ಇರುತ್ತದೆ. ಕ್ರಿ.ಶ. 123ರ ಮುದ್ರೆಗಳಂತೂ ರಾಶಿ ರಾಶಿ. ಜೊತೆಗೆ ನಾಣ್ಯ, ದೀಪ. ಇವೆಲ್ಲ ಸೇರಿಸಿದರೆ ಪದರದ ಕಾಲ ಕೆಲವು ದಶಕಗಳ ಅಂತರಕ್ಕೆ ಇಳಿಯುತ್ತದೆ. ಪೊಂಪೆಯೂ ನೆರವಿಗೆ ಬರುತ್ತದೆ. ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಆ ಊರಿನಲ್ಲಿ ಆಫ್ರಿಕಾದ ಅಡುಗೆ ಮಡಿಕೆಗಳು ಕೆಲವು ಸಿಕ್ಕಿವೆ. ಕೆಂಪು ಲೇಪದ ಊಟದ ಪಾತ್ರೆಗಳು ಹೆಚ್ಚುಕಡಿಮೆ ಇಲ್ಲ. ಹಾಗಾದರೆ ಆ ತಟ್ಟೆಗಳು ಇಟಲಿಯ ಮಾರುಕಟ್ಟೆಗೆ ನುಗ್ಗಿದ್ದು ಅದರ ಆಸುಪಾಸಿನಲ್ಲಿ ಅಥವಾ ಸ್ವಲ್ಪ ಆಮೇಲೆ. ಅಡುಗೆ ಮಡಿಕೆ ಮಾತ್ರ ಅವಕ್ಕಿಂತ ಮೊದಲೇ ಬಂದಿತ್ತು. ಈ ಹಿಂದುಮುಂದು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊರಗಿನಿಂದ ಬಂದ ಬೋಕಿಯಿಂದ ಕಾಲ ಹೇಳುವ ಈ ಪದ್ಧತಿಗೆ ನಮ್ಮ ಚಿತ್ರದುರ್ಗದ ಕಡೆಯೂ ಒಂದು ನಂಟಿದೆ. 1945ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಅಗೆದಾಗ ಇಟಲಿಯ ಅರೆಝ್ಝೊ ಕಡೆಯ ಕೆಂಪು ಪಾತ್ರೆಯ ಚೂರುಗಳು ಸಿಕ್ಕವು. ಅವುಗಳ ಕಾಲ ಗೊತ್ತಿತ್ತು. ಅವುಗಳ ಜೊತೆ ಸಿಕ್ಕ ನಮ್ಮ ದೇಶದ ಪಾತ್ರೆಗಳಿಗೆ ಆ ಮೂಲಕ ಒಂದು ಕಾಲ ಸಿಕ್ಕಿತು. ಅದನ್ನು ಹಿಡಿದುಕೊಂಡೇ 1947ರಲ್ಲಿ ಅವರು ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯ ಪದರಗಳಿಗೆ ಕಾಲ ಕಟ್ಟಿದರು. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯವೂ ಸಿಕ್ಕಿತು. ಆಮೇಲೆ ರೇಡಿಯೋಕಾರ್ಬನ್ ವಿಧಾನ ಬಂದಾಗ ಬ್ರಹ್ಮಗಿರಿಯ ಕೆಳಗಿನ ಪದರಗಳು ವೀಲರ್ ಹೇಳಿದ್ದಕ್ಕಿಂತ ತುಂಬಾ ಹಳೆಯವು ಎಂದು ತಿಳಿಯಿತು. ಬೋಕಿ ಸುಳ್ಳು ಹೇಳಿರಲಿಲ್ಲ. ಅದು ತಾನಿದ್ದ ಪದರದ ಮಾತು ಮಾತ್ರ ಆಡಿತ್ತು. ಅದರ ಕೆಳಗಿನ ಪದರಗಳಿಗೆಲ್ಲ ಅದೇ ಲೆಕ್ಕ ಎಳೆದದ್ದು ನಾವು. ಓಸ್ತಿಯಾದಲ್ಲೂ ಈ ಎಚ್ಚರ ಬೇಕಾಯಿತು.

ಮೂರು ಬಗೆಯ ಪಾತ್ರೆ, ಮೂರು ಬೇರೆ ಮಾತು

ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾ ಬಂದರೆ ಚಿತ್ರ ಹೀಗಿದೆ. ಮೊದಲ ಶತಮಾನದ ಕೊನೆಯ ಪದರಗಳಲ್ಲಿ ಊಟದ ಪಾತ್ರೆ ಹೆಚ್ಚಾಗಿ ಇಟಲಿಯದ್ದು. ಆಂಫೊರಾಗಳಲ್ಲಿ ಇಟಲಿ, ಗಾಲ್, ಸ್ಪೇನ್, ಗ್ರೀಸ್ ಸುತ್ತಲಿನ ಏಜಿಯನ್ ಕಡೆಯವು ಬೆರೆತಿವೆ. ಆಫ್ರಿಕಾದ್ದು ಇದೆ, ಒಂದು ಪಾಲು ಅಷ್ಟೇ. ಎರಡನೆಯ ಶತಮಾನದ ಮಧ್ಯಕ್ಕೆ ಬಂದರೆ ಆಫ್ರಿಕಾದ ಕೆಂಪು ತಟ್ಟೆ ಇಟಲಿಯ ತಟ್ಟೆಯನ್ನು ಹಿಂದಕ್ಕೆ ತಳ್ಳಿದೆ. ಮೂರನೆಯ ಶತಮಾನದ ಪದರಗಳಲ್ಲಿ ಆಂಫೊರಾ, ತಟ್ಟೆ, ಅಡುಗೆ ಮಡಿಕೆ ಮೂರರಲ್ಲೂ ಆಫ್ರಿಕಾದ ಕೈ ಮೇಲಾಗಿದೆ.

ಕರಾಂದೀನಿ ಇದಕ್ಕೊಂದು ದೊಡ್ಡ ಅರ್ಥ ಹೇಳಿದರು. ಇಟಲಿಯ ದೊಡ್ಡ ತೋಟಗಳು ಗುಲಾಮರ ದುಡಿಮೆಯ ಮೇಲೆ ನಿಂತಿದ್ದವು. ಆಫ್ರಿಕಾದಲ್ಲಿ ಭೂಮಿಯನ್ನು ಪಾಲಿಗೆ ಮಾಡುವ ರೈತರಿದ್ದರು. ಅಗ್ಗವಾಗಿ ಬೆಳೆದರು, ಅಗ್ಗವಾಗಿ ಮಾರಿದರು. ಇಟಲಿಯ ತೋಟ ಸೋತಿತು. ಸ್ನಾನಗೃಹದ ಕಸದಿಂದ ಇಷ್ಟು ದೂರ ಹೋಗಬಹುದು ಎಂದು ತೋರಿಸಿದ್ದೇ ಆಗ ಒಂದು ದೊಡ್ಡ ಹೆಜ್ಜೆ. ನನಗೆ ಅದರ ಬಗ್ಗೆ ಗೌರವ ಇದೆ. ಆದರೆ ಆ ವಾದ ಪೂರ್ತಿ ನಿಲ್ಲುವುದಿಲ್ಲ. ಯಾಕೆ ಎಂದು ಒಂದೊಂದಾಗಿ ನೋಡೋಣ.

ಮೊದಲು ಆಂಫೊರಾ. ಫೌಸ್ತೊ ಝೆವಿ ಮತ್ತು ಆಂದ್ರೆ ಚೆರ್ನಿಯಾ 1969ರಲ್ಲಿ ಆಫ್ರಿಕಾದ ಆಂಫೊರಾಗಳನ್ನು ಚಿಕ್ಕದು, ದೊಡ್ಡದು ಎಂದು ವಿಂಗಡಿಸಿದರು. ಕೆಲವದರ ಕಂಠದ ಮೇಲೆ ಊರಿನ ಮುದ್ರೆ ಇದೆ. ಹದ್ರುಮೆತುಮ್, ಅಂದರೆ ಇಂದಿನ ಸೂಸ್. ಲೆಪ್ತಿಮಿನುಸ್, ಅಂದರೆ ಲಮ್ತಾ. ಸುಲ್ಲೆಕ್ತುಮ್, ಅಂದರೆ ಸಲಕ್ತಾ. ಎಲ್ಲವೂ ಟ್ಯುನೀಶಿಯಾದ ಪೂರ್ವ ಕರಾವಳಿಯ ಊರುಗಳು. ಬಹಳ ವರ್ಷ ಇವುಗಳಲ್ಲೆಲ್ಲ ಬಂದದ್ದು ಆಲಿವ್ ಎಣ್ಣೆ ಎಂದೇ ನಂಬಿದ್ದರು. ಆಮೇಲೆ ಪುರಾತತ್ವಜ್ಞ ಮಿಶೆಲ್ ಬೊನಿಫೇ ಮೊದಲಾದವರು ಒಳಮೈ ನೋಡಿದರು. ದೊಡ್ಡ ಜಾತಿಯ ಅನೇಕ ಆಂಫೊರಾಗಳ ಒಳಗೆ ಮರದ ರಾಳ ಬಳಿದಿತ್ತು. ಎಣ್ಣೆಗೂ ರಾಳಕ್ಕೂ ಹೊಂದುವುದಿಲ್ಲ. ಎಣ್ಣೆ ತುಂಬಿದರೆ ರಾಳ ಕರಗಿ ಬೆರೆಯುತ್ತದೆ. ಹಾಗಾಗಿ ಅವುಗಳಲ್ಲಿ ಬಂದದ್ದು ಉಪ್ಪು ಮೀನು ಅಥವಾ ದ್ರಾಕ್ಷಾರಸ ಇರಬೇಕು. ‘ಎಣ್ಣೆ ಎಷ್ಟು ಬಂತು’ ಎಂದು ಆಂಫೊರಾ ಎಣಿಸಿ ಹಾಕಿದ ಲೆಕ್ಕವನ್ನೆಲ್ಲ ಮತ್ತೆ ನೋಡಬೇಕಾಯಿತು. ಅದೂ ಅಲ್ಲದೆ ಖಾಲಿ ಆಂಫೊರಾವನ್ನು ಯಾರೂ ಸುಮ್ನೆ ಎಸೆಯುತ್ತಿರಲಿಲ್ಲ. ಇಟಲಿಯ ಗ್ರಾದೊ ಬಳಿ ಮುಳುಗಿದ ಒಂದು ಹಡಗಿನಲ್ಲಿ ಆಫ್ರಿಕಾದ ಹಳೆ ಆಂಫೊರಾಗಳಿಗೆ ಮತ್ತೆ ಮೀನು ತುಂಬಿದ್ದರು.

ಓಸ್ತಿಯಾದಿಂದ ನದಿಯಲ್ಲಿ ಮೇಲಕ್ಕೆ ಹೋದರೆ ರೋಮಿನಲ್ಲಿ ಮೊಂತೆ ತೆಸ್ತಾಚ್ಚೊ ಎಂಬ ಗುಡ್ಡ ಇದೆ. ಸುಮಾರು 35 ಮೀಟರ್ ಎತ್ತರ. ಪೂರ್ತಿ ಒಡೆದ ಆಂಫೊರಾಗಳಿಂದಲೇ ಆದ ಗುಡ್ಡ. ಅಲ್ಲಿನ ಚೂರುಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ದಕ್ಷಿಣ ಸ್ಪೇನಿನ ಗುಂಡು ಹೊಟ್ಟೆಯ ಎಣ್ಣೆ ಜಾಡಿಗಳು. ಮಿಕ್ಕದ್ದರಲ್ಲಿ ಹೆಚ್ಚಿನದು ಆಫ್ರಿಕಾದ್ದು. ಒಂದೇ ನದಿ, ಒಂದೇ ಕಾಲ. ಆದರೆ ಓಸ್ತಿಯಾದ ಕಸ ಒಂದು ಕಥೆ ಹೇಳುತ್ತದೆ, ತೆಸ್ತಾಚ್ಚೊ ಇನ್ನೊಂದು ಕಥೆ ಹೇಳುತ್ತದೆ. ಕಾರಣ ಸರಳ. ತೆಸ್ತಾಚ್ಚೊ ಸರ್ಕಾರದ ವ್ಯವಸ್ಥೆಯಲ್ಲಿ ರಾಜಧಾನಿಗೆ ಬಂದ ಎಣ್ಣೆಯ ಕಸ. ಈಜುಗಾರನ ಸ್ನಾನಗೃಹದ್ದು ಒಂದು ಊರಿನ ಮನೆ, ಅಂಗಡಿಗಳ ಕಸ. ‘ನೂರಕ್ಕೆ ಇಷ್ಟು’ ಎಂದು ಯಾರಾದರೂ ಹೇಳಿದರೆ ‘ಯಾವುದರ ನೂರು?’ ಎಂದು ಕೇಳಲೇಬೇಕು.

ಇಟಲಿಯ ತೋಟ ಸೋತಿತು ಎಂಬ ಮಾತಿಗೂ ಪೆಟ್ಟು ಬಿತ್ತು. ಅದು ಬಂದದ್ದು ಅದೇ ತಂಡದ ಕೈಯಿಂದ ಎಂಬುದು ನನಗೆ ತುಂಬಾ ಹಿಡಿಸಿದ ಸಂಗತಿ. ಮೊದಲ ಸಂಪುಟಗಳು ಬಂದ ಕಾಲಕ್ಕೆ ಎಲ್ಲಿಯದೆಂದು ಗೊತ್ತಿಲ್ಲದ, ಚಪ್ಪಟೆ ತಳದ ಸಣ್ಣ ಆಂಫೊರಾ ಚೂರುಗಳು ಒಂದಷ್ಟು ಇದ್ದವು. ಮುಂದೆ ಅವು ಇಟಲಿಯವೇ ಎಂದು ತಿಳಿಯಿತು. ಉಂಬ್ರಿಯಾದ ಸ್ಪೆಲ್ಲೊ, ತೋಸ್ಕಾನಾದ ಎಂಪೋಲಿ, ಆಡ್ರಿಯಾಟಿಕ್ ಕಡೆಯ ಫೋರ್ಲಿಂಪೋಪೊಲಿ ಸುತ್ತಲಿನವು. ಒಳನಾಡಿನ ದ್ರಾಕ್ಷಾರಸ ಈ ಸಣ್ಣ ಜಾಡಿಗಳಲ್ಲಿ ರೋಮಿಗೆ ಬರುತ್ತಲೇ ಇತ್ತು. ಪನೆಲ್ಲಾ ಅವರೇ ಇದನ್ನು 1989ರಲ್ಲಿ ವಿವರವಾಗಿ ಬರೆದರು. ತಾವೇ ಕಟ್ಟಿದ ಚಿತ್ರವನ್ನು ತಾವೇ ತಿದ್ದಿದರು. ಇನ್ನು ಮರದ ಪೀಪಾಯಿಯಲ್ಲಿ, ತೊಗಲಿನ ಚೀಲದಲ್ಲಿ ಹೋದ ರಸಕ್ಕೆ ಬೋಕಿಯೇ ಇಲ್ಲ. ಮಣ್ಣಿನಲ್ಲಿ ಉಳಿಯದ್ದು ಇರಲೇ ಇಲ್ಲ ಎಂದು ಹೇಳಲಾಗದು, ಅಲ್ವಾ?

ಗೋಧಿಯ ವಿಷಯವೂ ಹಾಗೆಯೇ. ಆಫ್ರಿಕಾದ ಧಾನ್ಯ ರೋಮಿಗೆ ವರ್ಷದಲ್ಲಿ ಎಂಟು ತಿಂಗಳು ಸಾಕಾಗುತ್ತಿತ್ತು, ಈಜಿಪ್ಟಿನದು ನಾಲ್ಕು ತಿಂಗಳಿಗೆ ಎಂದು ಮೊದಲ ಶತಮಾನದ ಇತಿಹಾಸಕಾರ ಜೊಸೀಫಸ್ ಬರೆದಿದ್ದಾನೆ. ಆ ಹಡಗುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಕಾಳು. ಕಾಳು ಜನ ತಿಂದರು, ಮುಗಿಯಿತು.

ಊಟದ ತಟ್ಟೆಯ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಅದು ಚಂದವಾಗಿತ್ತು, ಗಟ್ಟಿಯಾಗಿತ್ತು, ಸುಮಾರು ಆರು ಶತಮಾನ ತಯಾರಾಯಿತು. ಅದರ ಕಥೆ ಓಸ್ತಿಯಾಕ್ಕಿಂತ ದೊಡ್ಡದು.

ಅಡುಗೆ ಮಡಿಕೆ ಯಾಕೆ ಬೇರೆ

ಈಗ ಮೊದಲಿನ ಬೋಕಿಗೆ ಬರೋಣ. ಓಸ್ತಿಯಾದಲ್ಲಿ ಜಾಸ್ತಿ ಸಿಗುವ ಆಫ್ರಿಕಾದ ಅಡುಗೆ ಪಾತ್ರೆಗಳು ಮೂರು. ಒಂದು, ಹೇಯ್ಸ್ 23. ಆಳ ಕಡಿಮೆ, ಬಾಯಿ ಅಗಲ, ತಳದ ಹೊರಮೈಯಲ್ಲಿ ಉಂಗುರದಂಥ ಗೀರುಗಳು. ಎರಡು, ಹೇಯ್ಸ್ 197. ಇದು ಆಳ ಜಾಸ್ತಿ. ಬಾಯಂಚಿನ ಒಳಗೆ ಮುಚ್ಚಳ ಕೂರಲು ಒಂದು ಸಣ್ಣ ಮೆಟ್ಟಿಲು ಇದೆ. ಮೂರು, ಹೇಯ್ಸ್ 196. ಇದು ಮುಚ್ಚಳ, ಅಂಚಿಗೆ ಕಪ್ಪು ಪಟ್ಟಿ ಇರುವುದು.

ಆಂಫೊರಾ ಬರುವುದು ಒಳಗಿನ ಸರಕಿಗಾಗಿ. ಯಾರೂ ಆಂಫೊರಾವನ್ನು ಕೊಳ್ಳಲು ಹೋಗುವುದಿಲ್ಲ, ಎಣ್ಣೆ ಕೊಳ್ಳಲು ಹೋಗುತ್ತಾರೆ. ಅದರಲ್ಲೂ ಎಷ್ಟೋ ಸರಕು ಸರ್ಕಾರದ ಹುಕುಮಿನ ಮೇಲೆ ಬಂದದ್ದು. ಊಟದ ತಟ್ಟೆಯಲ್ಲಿ ಮನೆಯ ಅಂತಸ್ತು ಬೆರೆತಿರುತ್ತದೆ. ಅತಿಥಿಗಳ ಮುಂದೆ ಇಡುವುದು. ಅಡುಗೆ ಮಡಿಕೆ ಖಾಲಿ ಬರುತ್ತದೆ. ಅದನ್ನು ಯಾವ ಸರ್ಕಾರವೂ ಹಂಚಲಿಲ್ಲ. ಒಲೆಯ ಮೇಲೆ ಮಸಿ ಹಿಡಿದು ಕೂರುವ ಪಾತ್ರೆಯಿಂದ ಯಾರ ಮಾನವೂ ಏರುವುದಿಲ್ಲ. ಊರಿನ ಕುಂಬಾರನ ಮಡಿಕೆ ಪಕ್ಕದಲ್ಲೇ ಇರುವಾಗ ಒಬ್ಬಳು ಹೆಂಗಸು, ಅಥವಾ ಒಬ್ಬ ಅಡುಗೆಯ ಗುಲಾಮ, ಆಫ್ರಿಕಾದ ಮಡಿಕೆಯನ್ನು ಆರಿಸಿದರು. ಒಬ್ಬರಲ್ಲ, ಸಾವಿರಾರು ಜನ. ನೂರು ವರ್ಷಕ್ಕೂ ಹೆಚ್ಚು ಕಾಲ. ಅದಕ್ಕೇ ನಾನು ಇದನ್ನು ಗಟ್ಟಿ ಸಾಕ್ಷಿ ಅಂದದ್ದು.

ಆರಿಸಲು ಕಾರಣ ಏನಿರಬಹುದು? ಒಂದು ಕಾರಣ ಮಡಿಕೆಯಲ್ಲೇ ಇದೆ. ಮರಳು ಬೆರೆತ ತೆಳು ಗೋಡೆ ಬೇಗ ಬಿಸಿಯಾಗುತ್ತದೆ. ಬಿಸಿ ಏರಿ ಇಳಿದರೂ ಸುಲಭಕ್ಕೆ ಬಿರಿಯುವುದಿಲ್ಲ. ಮಣ್ಣಿನ ಪಾತ್ರೆಯಲ್ಲಿ ಅಡುಗೆ ಮಾಡಿದವರಿಗೆ ಇದು ಎಂಥ ದೊಡ್ಡ ಗುಣ ಎಂದು ಹೇಳಿಕೊಡಬೇಕಿಲ್ಲ. ಅಗಲ ಬಾಯಿಯ ಪಾತ್ರೆಗೆ ಸರಿಯಾಗಿ ಕೂರುವ ಮುಚ್ಚಳ ಬೇರೆ. ಕೆಲವದರ ಒಳಮೈಗೆ ಕೆಂಪು ಲೇಪ ಇದೆ, ಪದಾರ್ಥ ಅಂಟುವುದು ಕಡಿಮೆ. ಈ ಕೊನೆಯದು ಇಟಲಿಯವರಿಗೆ ಹೊಸದೇನಲ್ಲ. ಪೊಂಪೆ ಇದ್ದ ಕಂಪಾನಿಯಾ ಸೀಮೆಯ ಕುಂಬಾರರು ಒಳಗೆ ದಪ್ಪ ಕೆಂಪು ಲೇಪ ಇರುವ ಹೆಂಚಿನಂಥ ಪಾತ್ರೆಗಳನ್ನು ಮಾಡಿ ದೂರ ದೂರಕ್ಕೆ ಮಾರಿದ್ದರು. ಆಫ್ರಿಕಾದವರು ಆ ಆಕಾರವನ್ನು ತಮ್ಮ ಮಣ್ಣಿನಲ್ಲಿ ಮಾಡಿದರು. ಆಮೇಲೆ ಕಾಲ ತಿರುಗಿತು. ಇಟಲಿಯ ಕುಂಬಾರರೇ ಆಫ್ರಿಕಾದ ಮಡಿಕೆಯನ್ನು ನೋಡಿ ಅದರಂತೆ ಮಾಡತೊಡಗಿದರು.

ಇನ್ನೊಂದು ಕಾರಣ ಸಾಗಣೆ. ಅಗಲ ಬಾಯಿಯ ಪಾತ್ರೆಗಳು ಒಂದರೊಳಗೊಂದು ಕೂರುತ್ತವೆ. ಹಡಗಿನ ಹೊಟ್ಟೆಯಲ್ಲಿ ಗೋಧಿ, ಆಂಫೊರಾ ತುಂಬಿದ ಮೇಲೆ ಉಳಿದ ಸಂದಿಗಳಲ್ಲಿ ಇವನ್ನು ಒತ್ತಬಹುದು. ದೊಡ್ಡ ಸರಕು ದಾರಿಯ ಖರ್ಚು ಹೊರುತ್ತಿತ್ತು, ಮಡಿಕೆ ಅದರ ಜೊತೆ ಬರುತ್ತಿತ್ತು. ದಾರಿಯೂ ಅಂಥ ದೂರದ್ದಲ್ಲ. ಗಾಳಿ ಮೆಲ್ಲಗಿದ್ದರೂ ಆಫ್ರಿಕಾದಿಂದ ಓಸ್ತಿಯಾಕ್ಕೆ ಎರಡನೆಯ ದಿನ ತಲುಪಿದ್ದುಂಟು ಎಂದು ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅವನೇ ಹೇಳುವ ಹಳೆಯ ಕಥೆಯೊಂದಿದೆ. ಇಂದಿನ ಟ್ಯುನೀಶಿಯಾದ ಕರಾವಳಿಯಲ್ಲಿದ್ದ ಶತ್ರು ನಗರ ಕಾರ್ಥೇಜನ್ನು ನಾಶ ಮಾಡಲೇಬೇಕು ಎನ್ನುತ್ತಿದ್ದ ರೋಮಿನ ರಾಜಕಾರಣಿ ಕೇಟೊ ಒಂದು ತಾಜಾ ಅಂಜೂರವನ್ನು ಸೆನೆಟ್ಟಿಗೆ ತಂದು, ಇದನ್ನು ಮೊನ್ನೆ ಕಾರ್ಥೇಜಿನಲ್ಲಿ ಕಿತ್ತದ್ದು, ಶತ್ರು ಇಷ್ಟು ಹತ್ತಿರ ಇದ್ದಾನೆ ಎಂದನಂತೆ. ಹೆದರಿಸಲು ಬಂದ ಆ ಹತ್ತಿರದ ದಾರಿಯೇ ಮೂರು ಶತಮಾನದ ಮೇಲೆ ಮಡಿಕೆಯ ದಾರಿ ಆಯಿತು.

ಮೂರನೆಯ ಕಾರಣ ಆವಿಗೆಯ ಉರುವಲು. ಲೆಪ್ತಿಮಿನುಸ್‌ನಲ್ಲಿ ನಡೆದ ಕೆಲಸದಲ್ಲಿ ಆಲಿವ್ ಹಿಂಡಿಯನ್ನೇ ಆವಿಗೆಗೆ ಹಾಕಿದ ಕುರುಹು ಸಿಕ್ಕಿದೆ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿದ ಓಟೆ, ಸಿಪ್ಪೆ. ಎಣ್ಣೆಯ ಅಂಶ ಸ್ವಲ್ಪ ಉಳಿದಿರುವುದರಿಂದ ಚೆನ್ನಾಗಿ ಉರಿಯುತ್ತದೆ. ಮರ ಕಡಿಮೆ ಇರುವ ನಾಡಿನಲ್ಲಿ ಇದು ಬಿಟ್ಟಿ ಸೌದೆ ಇದ್ದ ಹಾಗೆ. ಹಾಗಾಗಿ ಎಣ್ಣೆ, ಹಿಂಡಿ, ಮಡಿಕೆ ಒಂದೇ ಸರಪಳಿ. ಗಾಣ ಹೆಚ್ಚಿದಂತೆ ಆವಿಗೆಯೂ ಹೆಚ್ಚಿತು.

ಗಾಣ ಹೆಚ್ಚಲು ಏನು ಕಾರಣ? ಇಲ್ಲಿ ಒಂದು ಕಲ್ಲು ಬರಹ ಇದೆ. ಟ್ಯುನೀಶಿಯಾದ ಮೆಜೆರ್ದಾ ನದಿ ಬಯಲಿನ ಹೆನ್ಶೀರ್ ಮೆತ್ತಿಶ್‌ನಲ್ಲಿ 1896ರಲ್ಲಿ ಸಿಕ್ಕಿತು. ಟ್ರಾಜನ್ ಕಾಲದ ಕೊನೆ, ಕ್ರಿ.ಶ. 116–117ರದು. ಒಂದು ದೊಡ್ಡ ಜಹಗೀರಿನಲ್ಲಿ ಪಾಲಿಗೆ ಮಾಡುವವರ ಹಕ್ಕುಗಳನ್ನು ಅದು ಹೇಳುತ್ತದೆ. ಗೋಧಿ, ಜವೆ, ದ್ರಾಕ್ಷಾರಸ, ಎಣ್ಣೆ ಇವುಗಳಲ್ಲಿ ಮೂರನೇ ಒಂದು ಪಾಲು ಒಡೆಯನಿಗೆ. ಆದರೆ ಪಾಳು ನೆಲದಲ್ಲಿ ಹೊಸದಾಗಿ ಆಲಿವ್ ನೆಟ್ಟರೆ ಮೊದಲ ಹತ್ತು ಫಸಲು ಪೂರ್ತಿ ನೆಟ್ಟವನಿಗೇ. ಕಾಡು ಆಲಿವ್‌ಗೆ ಕಸಿ ಕಟ್ಟಿದರೆ ಐದು ಫಸಲು. ಗೇಣಿ ಮಾಡಿದ ಮನೆಯವರು ಯಾರಾದರೂ ಈ ಸಾಲು ಓದಿದರೆ ಅದರ ಬೆಲೆ ತಕ್ಷಣ ತಿಳಿಯುತ್ತದೆ. ಹತ್ತು ಫಸಲು ಅಂದರೆ ಒಬ್ಬ ರೈತ ಮರ ನೆಟ್ಟು ಕಾಯಲು ಸಾಕಾಗುವಷ್ಟು ಆಸೆ. ಟ್ಯುನೀಶಿಯಾದ ಒಳನಾಡಿನ ಕಸ್ಸರೀನ್ ಸುತ್ತ ನಡೆದ ಸಮೀಕ್ಷೆಯಲ್ಲಿ ಇಂದು ಒಣಗಿದ ಹುಲ್ಲುಗಾವಲಿನಂತಿರುವ ಕಡೆ ಗಾಣದ ಕಲ್ಲುಗಳು ಸಾಲಾಗಿ ನಿಂತಿವೆ. ಓಸ್ತಿಯಾದ ಅಡುಗೆಮನೆಗೆ ಬಂದ ಮಡಿಕೆಯ ಹಿಂದೆ ಈ ರೈತನ ಹತ್ತು ಫಸಲು ಇದೆ ಎಂದು ನಾನು ನಂಬುತ್ತೇನೆ. ಅಷ್ಟರ ಮಟ್ಟಿಗೆ ಕರಾಂದೀನಿ ಸರಿ ಇದ್ದರು. ಆಫ್ರಿಕಾದ ಏಳಿಗೆ ನಿಜ. ಅದರ ಎದುರು ಇಟಲಿ ಬಿದ್ದೇ ಹೋಗಿರಬೇಕು ಎಂಬುದು ಮಾತ್ರ ಬೋಕಿ ಹೇಳದ ಮಾತು.

ಮಡಿಕೆ ಸರಕಿನ ಸಂದಿಯಲ್ಲಿ ಬಂತು ಅಂದರೆ, ಅದು ಸರ್ಕಾರಿ ಧಾನ್ಯದ ಹಡಗಿಗೇ ಅಂಟಿಕೊಂಡಿತ್ತೇ? ಅದರ ಬಲ ಇಲ್ಲದಿದ್ದರೆ ಬರುತ್ತಿರಲಿಲ್ಲವೇ? ಕೆಲವು ವಿದ್ವಾಂಸರು ಹಾಗೆ ಹೇಳುತ್ತಾರೆ. ಹಡಗಿಗೆ ಸರ್ಕಾರದ ಕೆಲಸ ಇದ್ದದ್ದು ನೆರವಾಯಿತು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಹೊತ್ತು ತಂದ ಮಾತ್ರಕ್ಕೆ ಮಾರಾಟ ಆಗುವುದಿಲ್ಲ. ಅಡುಗೆ ಮಡಿಕೆ ಊಟದ ತಟ್ಟೆಗಿಂತ ಮೊದಲೇ ಇಟಲಿಗೆ ಬಂದಿತ್ತು ಎಂದು ಪೊಂಪೆ ತೋರಿಸಿತಲ್ಲ, ಅದು ಇಲ್ಲಿ ಮುಖ್ಯ. ಆಫ್ರಿಕಾದ ಪಾತ್ರೆಗೆ ಹೆಸರು ಬರುವ ಮುಂಚೆಯೇ ಯಾರೋ ಅದನ್ನು ಒಲೆಗೆ ಇಟ್ಟು ನೋಡಿದ್ದರು. ಒಳ್ಳೆಯದು ಅನಿಸಿ ಇನ್ನೊಂದು ತಂದರು.

ಮೊಸಾಯಿಕ್‌ನಲ್ಲಿ ಉಳಿದ ಹೆಸರುಗಳು

ಇದೇ ಊರಿನಲ್ಲಿ, ರಂಗಮಂದಿರದ ಹಿಂದೆ, ಒಂದು ದೊಡ್ಡ ಚೌಕ ಇದೆ. ಸುತ್ತ ಸುಮಾರು ಅರವತ್ತು ಸಣ್ಣ ಕೋಣೆಗಳು. ಅವುಗಳ ಮುಂದಿನ ನೆಲದಲ್ಲಿ ಕಪ್ಪು ಬಿಳುಪಿನ ಮೊಸಾಯಿಕ್. ಕಾರ್ಥೇಜಿನ ಹಡಗು ಮಾಲೀಕರು, ಸುಲ್ಲೆಕ್ತುಮ್‌ನವರು, ಮಿಸುವಾದವರು, ಗುಮ್ಮಿಯವರು ಎಂದು ಅಲ್ಲಿ ಆಫ್ರಿಕಾದ ಊರುಗಳ ಹೆಸರಿದೆ. ಇಂದಿನ ಲಿಬಿಯಾದ ಸಬ್ರಾತಾದವರ ಕೋಣೆಯ ಮುಂದೆ ಒಂದು ಆನೆ. ಇನ್ನೊಂದು ಕಡೆ ಎರಡು ಖರ್ಜೂರದ ಮರಗಳ ನಡುವೆ ಒಂದು ಆಂಫೊರಾ, ಅದರ ಮೇಲೆ ಎಂ, ಸಿ ಎಂಬ ಎರಡು ಅಕ್ಷರ. ಮೌರೆತಾನಿಯಾ ಕೆಸರಿಯೆನ್ಸಿಸ್ ಎಂಬ ಪ್ರಾಂತ, ಅಂದರೆ ಇಂದಿನ ಅಲ್ಜೀರಿಯಾದ ಕಡೆ, ಎಂದು ಅದನ್ನು ಓದುತ್ತಾರೆ. ಅದೇ ಪ್ರಾಂತದ ತುಬುಸುಕ್ತು ಊರಿನ ಮುದ್ರೆ ಇರುವ ಚಪ್ಪಟೆ ತಳದ ಆಂಫೊರಾ ಓಸ್ತಿಯಾದ ಮಣ್ಣಿನಲ್ಲೂ ಸಿಕ್ಕಿದೆ. ನೆಲದ ಚಿತ್ರ ಮತ್ತು ಕಸದ ಚೂರು ಒಂದೇ ಮಾತು ಹೇಳುವುದು ಅಪರೂಪ. ಇಲ್ಲಿ ಹೇಳುತ್ತವೆ.

ಆ ಮೊಸಾಯಿಕ್‌ಗಳಲ್ಲಿ ಹಡಗಿದೆ, ದೀಪಸ್ತಂಭ ಇದೆ, ಡಾಲ್ಫಿನ್ ಇದೆ, ಧಾನ್ಯ ಅಳೆಯುವ ಕೊಳಗ ಇದೆ. ಅಡುಗೆ ಮಡಿಕೆಯ ಚಿತ್ರ ಬಿಡಿಸಬೇಕು ಎಂದು ಆ ಹಡಗು ಮಾಲೀಕರಲ್ಲಿ ಯಾರಿಗೂ ಅನಿಸಲಿಲ್ಲ. ಅವರ ಲೆಕ್ಕದಲ್ಲಿ ಅದು ಸಂದಿ ತುಂಬುವ ಸರಕು.

ಈಜುಗಾರನ ಸ್ನಾನಗೃಹದ ಅಗೆತ ನಿಂತು ಹೆಚ್ಚುಕಡಿಮೆ ನಾಲ್ಕು ದಶಕ ಕಳೆದ ಮೇಲೆ, 2014ರಲ್ಲಿ, ಅದರ ಇನ್ನೊಂದು ಸಂಪುಟ ಬಂತು. ಪನೆಲ್ಲಾ ಮತ್ತು ಜೋರ್ಜೊ ರಿಝ್ಝೊ ಅವರದು. ಹರೆಯದಲ್ಲಿ ಆ ಕೋಣೆಗಳ ಬೋಕಿಗೆ ಕೈ ಹಾಕಿದ ಪನೆಲ್ಲಾ ಇಳಿವಯಸ್ಸಿನಲ್ಲಿ ಅವನ್ನೇ ಮತ್ತೆ ಮೇಜಿನ ಮೇಲೆ ಹರಡಿ ಲೆಕ್ಕ ಹಾಕುತ್ತಿದ್ದರು.